ಮನೆ ಖಾಲಿ ಇದೆ, ಕೊಡೋಕಾಗಲ್ಲ: ಮಂಡ್ಯ ಸೀಮೆಯ ಬಾಡಿಗೆ ಮಾತಿನ ಚರಿತ್ರೆ

ಆಷಾಢ ಬಂತೆಂದರೆ ಮಂಡ್ಯದ ಮನೆ ಮಾಲೀಕರಿಗೆ ಒಂದು ಅನುಕೂಲ. ಬಾಡಿಗೆಗೆ ಮನೆ ಕೇಳಿಕೊಂಡು ಬಂದವರು ಮನಸ್ಸಿಗೆ ಹಿಡಿಸದಿದ್ದರೆ ‘ಆಷಾಢ ಕಳೀಲಿ, ನೋಡಾನ’ ಎಂದು ಹೇಳಿ ಕಳಿಸಬಹುದು. ಆಷಾಢದಲ್ಲಿ ಹಾಲು ಉಕ್ಕಿಸಿ ಹೊಸ ಮನೆ ಸೇರುವ ಪದ್ಧತಿ ಈ ಕಡೆ ಇಲ್ಲ. ಹಾಗಾಗಿ ಹೇಳಿದವರಿಗೆ ಮುಜುಗರವಿಲ್ಲ, ಕೇಳಿಸಿಕೊಂಡವರಿಗೆ ಅವಮಾನವಿಲ್ಲ. ಶ್ರಾವಣ ಬರುವಷ್ಟರಲ್ಲಿ ಅವರು ಬೇರೆ ಕಡೆ ಮನೆ ನೋಡಿಕೊಂಡಿರುತ್ತಾರೆ. ಉಳಿದ ತಿಂಗಳುಗಳಿಗೆ ಬೇರೆ ಮಾತುಗಳಿವೆ. ‘ಮಗ ಬೆಂಗ್ಳೂರಿಂದ ವಾಪಸ್ ಬತ್ತಾವ್ನೆ, ಅವ್ನಿಗೇ ಬೇಕಾಗ್ಬೋದು.’ ‘ನಿನ್ನೆ ತಾನೇ ಒಬ್ರಿಗೆ ಮಾತು ಕೊಟ್ಬುಟ್ಟಿವ್ನಿ, ಬೇಜಾರ್ ಮಾಡ್ಕಬ್ಯಾಡಿ.’ ‘ನಮ್ಮೆಜಮಾನ್ರನ್ನ ಒಂದ್ ಮಾತು ಕೇಳಿ ಹೇಳ್ತೀನಿ.’

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಮೊದಲ ಸಲ ಮನೆ ಬಾಡಿಗೆಗೆ ಕೊಡುವವರು ಈ ಮಾತುಗಳನ್ನು ಯಾರಿಂದಲೂ ಪಾಠ ಹೇಳಿಸಿಕೊಂಡು ಕಲಿಯುವುದಿಲ್ಲ. ಅಪ್ಪ, ಅವ್ವ, ಅಕ್ಕಪಕ್ಕದವರು ಹೇಳುವುದನ್ನು ಕೇಳಿ ರೂಢಿಯಾಗಿರುತ್ತದೆ. ಆದರೆ ರೂಢಿ ಅನಾದಿಯದಲ್ಲ. ಕಾಲುವೆ, ಕಾರ್ಖಾನೆ, ಕಚೇರಿ, ಕಾಲೇಜು ಮತ್ತು ಕಾನೂನು ಒಂದರ ಹಿಂದೆ ಒಂದು ಬಂದು ಅದನ್ನು ಬೆಳೆಸಿದವು.

ಅದಕ್ಕೂ ಹಿಂದೆ ಹಳ್ಳಿಗಳಲ್ಲಿ ಬಾಡಿಗೆ ಎಂಬುದೇ ಅಪರೂಪ. ಹೊರಗಿನವರು ಬಂದರೆ ಊರಿನ ಹಿರಿಯರು ಎಲ್ಲಾದರೂ ಒಂದು ಜಾಗ ತೋರಿಸುತ್ತಿದ್ದರು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಷ್ಟು ತಡವಾಗಿ ಮೈಸೂರು ಜಿಲ್ಲೆಯ ಕೊಡಗಹಳ್ಳಿಗೆ ಅಧ್ಯಯನಕ್ಕೆ ಹೋದಾಗಲೂ ಆದದ್ದು ಹೀಗೆಯೇ. ಊರಿನ ಪಟೇಲರು ತಮ್ಮ ಎತ್ತುಗಳನ್ನು ಕಟ್ಟುವ ಮನೆಯಲ್ಲಿ ಅವರಿಗೆ ಇರಲು ಜಾಗ ಮಾಡಿಕೊಟ್ಟರು. ಶ್ರೀನಿವಾಸ್ ತಮ್ಮ ಪುಸ್ತಕದಲ್ಲಿ ಆ ಊರನ್ನು ‘ರಾಂಪುರ’ ಎಂದು ಕರೆದಿದ್ದಾರೆ. ಅಲ್ಲಿ ಅವರನ್ನು ಊರು ಒಪ್ಪಿದ್ದು ಪಟೇಲರ ಅತಿಥಿ ಎಂಬ ಕಾರಣಕ್ಕೆ. ಇಂಥ ವ್ಯವಸ್ಥೆಯಲ್ಲಿ ಬೇಡವಾದವರಿಗೆ ಬೇಡ ಎನ್ನುವ ಹೊಣೆ ಒಬ್ಬ ಮನೆಯವನ ಮೇಲೆ ಬೀಳುತ್ತಿರಲಿಲ್ಲ. ಯಾರನ್ನು ಊರೊಳಗೆ ಇರಿಸಿಕೊಳ್ಳಬೇಕು, ಯಾರು ಊರಾಚೆಯ ಕೇರಿಯಲ್ಲೇ ಇರಬೇಕು ಎಂಬುದನ್ನು ಊರೇ ತೀರ್ಮಾನಿಸಿಬಿಟ್ಟಿರುತ್ತಿತ್ತು. ಆ ತೀರ್ಮಾನದ ಕ್ರೌರ್ಯವೂ ಊರಿನದೇ.

ಸಂಬಳಕ್ಕೆಂದು ಹೊರಗಿನವರು ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸುವ ಕಾಲ ಈ ಸೀಮೆಯಲ್ಲಿ ಮೊದಲು ಕಂಡದ್ದು ಮಳವಳ್ಳಿ ತಾಲ್ಲೂಕಿನಲ್ಲಿ. ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಶುರುವಾಗಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿತು. ಯಂತ್ರ ನೋಡಿಕೊಳ್ಳುವವರು ದೂರದೂರುಗಳಿಂದ ಬಂದರು. ಅವರು ಯಾರ ಮನೆ ಬಾಗಿಲನ್ನೂ ತಟ್ಟಬೇಕಾಗಲಿಲ್ಲ. ಸರ್ಕಾರವೇ ಕ್ವಾರ್ಟರ್ಸ್ ಕಟ್ಟಿಸಿ ಹುದ್ದೆ ನೋಡಿ ಹಂಚಿತು. 1940ರಲ್ಲಿ ಶಿಂಷಾ ವಿದ್ಯುದಾಗಾರ ಬಂದಾಗಲೂ ಶಿಂಷಾಪುರದಲ್ಲಿ ಅದೇ ಕ್ರಮ. ಸರ್ಕಾರವೇ ಮನೆ ಮಾಲೀಕನಾದಾಗ ‘ನಿಮಗೆ ಮನೆ ಇಲ್ಲ’ ಎನ್ನಲು ನಯದ ಮಾತು ಬೇಕಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಸಾಕು.

ಮಂಡ್ಯದ ಕಥೆ ಬೇರೆ. ಕನ್ನಂಬಾಡಿಯಲ್ಲಿ ಕಟ್ಟೆ ಎದ್ದು, 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯ ನೀರು ಈ ಬಯಲಿಗೆ ಹರಿಯಿತು. ಈಗ ಅದು ವಿಶ್ವೇಶ್ವರಯ್ಯ ನಾಲೆ. ರಾಗಿ ಬೆಳೆಯುತ್ತಿದ್ದ ಹೊಲ ಕಬ್ಬಿನ ಗದ್ದೆಯಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದೇ ಇಂದಿನ ಮೈಷುಗರ್. ಕಾರ್ಖಾನೆ ತನ್ನ ನೌಕರರಿಗೆಂದು ಕಟ್ಟಿದ ಬಡಾವಣೆ ಶುಗರ್ ಟೌನ್ ಎನಿಸಿಕೊಂಡಿತು. ಆದರೆ ಕಬ್ಬು ನುರಿಯುವ ಊರಿಗೆ ಬೇಕಾಗಿದ್ದವರು ಕಾರ್ಖಾನೆ ನೌಕರರಷ್ಟೇ ಅಲ್ಲ. ಲಾರಿಯವರು, ಬೆಲ್ಲದ ವ್ಯಾಪಾರಿಗಳು, ಹೋಟೆಲಿನವರು, ಮೇಷ್ಟ್ರುಗಳು ಎಲ್ಲರೂ ಬಂದರು. ಅವರಿಗೆ ಕ್ವಾರ್ಟರ್ಸ್ ಇರಲಿಲ್ಲ.

1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ಹುಟ್ಟಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲ ಅದು. ಜಿಲ್ಲಾ ಕಚೇರಿ, ನ್ಯಾಯಾಲಯ, ಪೊಲೀಸು, ಖಜಾನೆ ಬಂದವು, ಅವುಗಳ ಹಿಂದೆ ಗುಮಾಸ್ತರು, ಶಿರಸ್ತೇದಾರರು. ಕಬ್ಬಿನ ಬಿಲ್ಲು ಕೈಸೇರಿದ ರೈತ ಪೇಟೆಯಲ್ಲಿ ಸೈಟು ಕೊಂಡ, ಮನೆ ಕಟ್ಟಿಸಿದ, ಪಕ್ಕದಲ್ಲೇ ಎರಡು ‘ಪೋರ್ಷನ್’ ಎಬ್ಬಿಸಿದ. ಗದ್ದೆಯನ್ನು ವಾರಕ್ಕೆ, ಎಂದರೆ ಬೆಳೆಯ ಪಾಲಿಗೆ, ಕೊಟ್ಟು ಗೊತ್ತಿದ್ದವನಿಗೆ ಈಗ ಮನೆಯನ್ನು ತಿಂಗಳ ಬಾಡಿಗೆಗೆ ಕೊಡುವ ಕೆಲಸ. ವಾರಕ್ಕೆ ಗದ್ದೆ ಮಾಡುವವನು ಮೂರು ತಲೆಮಾರಿನಿಂದ ಗೊತ್ತಿರುವವನು. ಬಾಡಿಗೆಗೆ ಬರುವವನಾದರೋ ತಿಪಟೂರಿನವನೋ ಕುಂದಾಪುರದವನೋ ಇರಬಹುದು, ಅವನ ಪರವಾಗಿ ಹೇಳುವವರು ಊರಲ್ಲಿ ಯಾರೂ ಇಲ್ಲ.

ಹತ್ತಿರದ ಹಳ್ಳಿಗಳವರು ಬಾಡಿಗೆ ಮನೆಯ ಗೋಜಿಗೆ ಹೋಗಲಿಲ್ಲ. 1954–56ರಲ್ಲಿ ಮಂಡ್ಯದ ಸುತ್ತಲಿನ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಟಿ. ಸ್ಕಾರ್ಲೆಟ್ ಎಪ್‌ಸ್ಟೈನ್ ಅವುಗಳಿಗೆ ‘ವಂಗಲ’, ‘ದಲೇನ’ ಎಂಬ ಮರೆಹೆಸರು ಕೊಟ್ಟರು. ವಂಗಲಕ್ಕೆ ಕಾಲುವೆ ನೀರು ಸಿಕ್ಕಿತು, ಅಲ್ಲಿನವರು ಬೇಸಾಯದಲ್ಲೇ ಉಳಿದರು. ಎತ್ತರದಲ್ಲಿದ್ದ ದಲೇನಕ್ಕೆ ನೀರು ಹತ್ತಲಿಲ್ಲ. ಅಲ್ಲಿನ ಗಂಡಸರು ಊರಲ್ಲೇ ಮನೆ ಇಟ್ಟುಕೊಂಡು ಮಂಡ್ಯದ ಕಾರ್ಖಾನೆ, ಕಚೇರಿ, ವ್ಯಾಪಾರದ ಕಡೆ ಹೊರಳಿದರು. ಹೀಗಾಗಿ ಮಂಡ್ಯದ ಪೋರ್ಷನ್ನುಗಳಿಗೆ ಬಂದವರಲ್ಲಿ ಹೆಚ್ಚಿನವರು ದಿನವೂ ಊರಿಗೆ ಹಿಂತಿರುಗಲಾಗದಷ್ಟು ದೂರದವರು, ಎಂದರೆ ಪೂರ್ತಿ ಅಪರಿಚಿತರು.

ಅಪರಿಚಿತರನ್ನು ಅಳೆಯುವ ಕ್ರಮ ಜಗುಲಿಯ ಮೇಲೆ ರೂಪುಗೊಂಡಿತು. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುವುದು ಮಂಡ್ಯದ ನಡತೆಯಲ್ಲ. ‘ಬನ್ನಿ, ಕೂತ್ಕಳಿ’ ಎಂದು ಚಾಪೆ ಹಾಸಿ, ಒಳಗಿಂದ ಒಂದು ಚೊಂಬು ನೀರು ಬರುತ್ತದೆ. ನೀರು ಕುಡಿದು ಕೆಳಗಿಡುವಷ್ಟರಲ್ಲಿ ‘ಯಾವೂರಾಯ್ತು?’ ಮುಗಿದಿರುತ್ತದೆ. ಆಮೇಲೆ ‘ಏನ್ ಕೆಲ್ಸ?’, ‘ಎಷ್ಟ್ ಜನ ಇದ್ದೀರಿ?’, ‘ಊರಲ್ಲಿ ಜಮೀನೈತಾ?’ ಕೊನೆಗೆ, ದನಿ ಸ್ವಲ್ಪ ತಗ್ಗಿಸಿ, ‘ನೀವು ಯಾವ ಕಡೆಯೋರು?’ ಅಷ್ಟರಲ್ಲಿ ಮನೆಯಾಕೆ ಕಾಫಿ ತಂದಿಟ್ಟು, ಬಂದವರ ಹೆಂಡತಿಯನ್ನು ಒಳಗೆ ಕರೆದು ಅಡುಗೆ ಮನೆ ತೋರಿಸಿದರೆ ಮನೆ ಸಿಕ್ಕಂತೆ. ಮನೆಯಾಕೆ ಹೊರಗೆ ಬರದೆ ಯಜಮಾನರೇ ಲೋಟ ತಂದುಕೊಟ್ಟರೆ, ಆ ಕಾಫಿ ಬೀಳ್ಕೊಡುಗೆಯದು. ಎರಡೂ ಸಂದರ್ಭದಲ್ಲಿ ಕಾಫಿ ಮಾತ್ರ ತಪ್ಪುವುದಿಲ್ಲ.

ಮುಖಕ್ಕೆ ಹೊಡೆದಂತೆ ‘ಕೊಡಲ್ಲ’ ಎನ್ನದಿರುವುದಕ್ಕೆ ಸೌಜನ್ಯದಷ್ಟೇ ಬಲವಾದ ಇನ್ನೊಂದು ಕಾರಣವಿತ್ತು. ಊರು ಚಿಕ್ಕದು. ಮಂಡ್ಯ ನಗರದ ಜನಸಂಖ್ಯೆ ಲಕ್ಷ ದಾಟಿದ್ದು 1981ರ ಜನಗಣತಿಯಲ್ಲಿ. ಇವತ್ತು ಮನೆ ಇಲ್ಲ ಎನಿಸಿಕೊಂಡವರು ನಾಳೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ಬರೆಯುವವರಾಗಿ, ಸೊಸೈಟಿಯಲ್ಲಿ ಗೊಬ್ಬರ ಕೊಡುವವರಾಗಿ, ಮಗನ ಕ್ಲಾಸ್ ಮೇಷ್ಟ್ರಾಗಿ ಎದುರಾಗಬಹುದು. ಜಗುಲಿಯ ಮೇಲೆ ಮುರಿದ ಮಾತು ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಮತ್ತೆ ಮತ್ತೆ ಎದುರಿಗೆ ಬರುತ್ತದೆ. ಮಗ ಬರುತ್ತಾನೆ ಎಂದರೆ ಆ ಮುಜುಗರವಿಲ್ಲ. ಮಗ ಬರಲಿಲ್ಲ ಎಂದು ಯಾರೂ ಬಂದು ಲೆಕ್ಕ ಕೇಳುವುದಿಲ್ಲ.

ಎಲ್ಲ ‘ಇಲ್ಲ’ಗಳ ಹಿಂದೆಯೂ ನೆಪವೇ ಇತ್ತು ಎನ್ನಲಾಗದು. ಮಳವಳ್ಳಿ, ಮದ್ದೂರಿನ ಕಡೆ ರೇಷ್ಮೆ ಸಾಕುವ ಮನೆಗಳನ್ನು ನೋಡಿ. ಹುಳು ಜ್ವರ (ಪೊರೆ ಕಳಚುವ ಹಂತ) ಬಿಟ್ಟೆದ್ದು ಸೊಪ್ಪು ಮೇಯುವಾಗ, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವಾಗ ಆ ಮನೆಯವರು ಹೊರಗಿನವರನ್ನು ಒಳಗೆ ಸೇರಿಸುವುದಿಲ್ಲ. ಬೀಡಿ ಹೊಗೆ, ಹೊಗೆಸೊಪ್ಪು, ಸೊಳ್ಳೆ ಔಷಧಿ, ಹೊಲಕ್ಕೆ ಹೊಡೆಯುವ ಕ್ರಿಮಿನಾಶಕ ಯಾವುದು ತಗುಲಿದರೂ ಒಂದು ಇಡೀ ಬೆಳೆ ಹೋಗಬಹುದು. ಹುಳು ಮನೆಗೆ ಒತ್ತಿಕೊಂಡ ಕೋಣೆಯನ್ನು ಗೊಬ್ಬರ, ಔಷಧಿ ಅಂಗಡಿಯವನಿಗೆ ಕೊಡಲಾರೆ ಎಂದರೆ ಅದು ನ್ಯಾಯವಾದ ಮಾತು. ಒಂದೇ ಬೋರ್‌ವೆಲ್ಲಿನಿಂದ ಮೂರು ಸಂಸಾರಕ್ಕೆ ನೀರು ಕೊಡುವವರು ಎಂಟು ಜನರ ಕುಟುಂಬ ಬೇಡ ಎಂದರೆ ಅದೂ ನ್ಯಾಯವೇ. ಇಂಥ ಕಾರಣವನ್ನು ನೇರವಾಗಿ ಹೇಳಿದರೆ ಕೇಳಿದವರಿಗೂ ಅರ್ಥವಾಗುತ್ತದೆ, ಮುಂದಿನ ಮನೆ ಹುಡುಕುವಾಗ ಉಪಯೋಗಕ್ಕೂ ಬರುತ್ತದೆ. ಬೇಸರದ ಸಂಗತಿ ಎಂದರೆ, ನಿಜವಾದ ಕಾರಣ ಇದ್ದಾಗಲೂ ‘ಮಗ ಬತ್ತಾವ್ನೆ’ ಎನ್ನುವುದೇ ರೂಢಿಯಾಯಿತು.

1962ರಲ್ಲಿ ಮಂಡ್ಯದ ರಾಜಕಾರಣಿ ಕೆ.ವಿ. ಶಂಕರಗೌಡರ ಶ್ರಮದಿಂದ ಮಂಡ್ಯಕ್ಕೆ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಬಂತು. ಜೊತೆಗೆ ಮಾಲೀಕರಿಗೆ ಹೊಸ ತಲೆನೋವೂ ಬಂತು: ಬ್ರಹ್ಮಚಾರಿ ಹುಡುಗರು. ಹಾಸ್ಟೆಲ್ ಸಿಗದವರು, ಹಾಸ್ಟೆಲ್ ಊಟ ಹಿಡಿಸದವರು ಸೈಕಲ್ ಏರಿ ಬೀದಿ ಬೀದಿ ಸುತ್ತಿದರು. ‘ಫ್ಯಾಮಿಲಿಗೆ ಮಾತ್ರ’ ಎನ್ನುವ ಮಾತು ಆ ಕಾಲದ್ದು. ಕೊಟ್ಟರೆ ಮಹಡಿಯ ರೂಮು, ಮೆಟ್ಟಿಲು ಹೊರಗಿನಿಂದ, ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರೆ ಅದೂ ಇಲ್ಲ. ಸರ್ಕಾರಿ ನೌಕರರಿಗೆ ಮಾತ್ರ ಎಲ್ಲೆಡೆ ಮಣೆ: ಸಂಬಳ ಖಚಿತ, ವರ್ಗವಾದರೆ ತಾವಾಗಿಯೇ ಖಾಲಿ ಮಾಡುತ್ತಾರೆ. ಅದೇ ಸರ್ಕಾರಿ ಸಂಬಳದ ಪೊಲೀಸರಿಗೆ, ಕೋರ್ಟು ಬಲ್ಲ ವಕೀಲರಿಗೆ ಮನೆ ಕೊಡಲು ಹಿಂಜರಿಕೆ. ನಾಳೆ ಬಿಡಿ ಎಂದರೆ ಬಿಡುತ್ತಾರೋ ಇಲ್ಲವೋ ಎಂಬ ಅಳುಕು.

ಆ ಅಳುಕಿಗೆ ಕಾನೂನಿನ ಹಿನ್ನೆಲೆ ಇದೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಊರುಗಳಿಗೆ ಜನ ನುಗ್ಗಿ ಮನೆ ಸಾಲದಾದಾಗ ಸರ್ಕಾರಗಳು ಬಾಡಿಗೆದಾರರ ರಕ್ಷಣೆಗೆ ನಿಂತವು. ಮೈಸೂರು ರಾಜ್ಯದಲ್ಲಿ 1951ರ ಕಾಯ್ದೆ, ಏಕೀಕರಣದ ಬಳಿಕ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂದವು. 1961ರ ಕಾಯ್ದೆಯಂತೆ, ಅದು ಅನ್ವಯವಾಗುವ ಊರುಗಳಲ್ಲಿ ಮನೆ ಖಾಲಿಯಾದ 15 ದಿನದೊಳಗೆ ಮಾಲೀಕ ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು. ಅಧಿಕಾರಿ ಅದನ್ನು ತಾನೇ ಬೇರೆಯವರಿಗೆ ಹಂಚಿಕೆ ಮಾಡಬಹುದಿತ್ತು. ಬಿಡಿಸಬೇಕಾದರೆ ಬಾಡಿಗೆ ಬಾಕಿ, ಒಳಬಾಡಿಗೆ, ಸ್ವಂತಕ್ಕೆ ನಿಜವಾಗಿ ಬೇಕಾಗಿರುವುದು ಇಂಥ ಕಾರಣಗಳನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕಿತ್ತು. ಕಾಯ್ದೆ ಬಾರದ ಊರುಗಳಿಗೂ ಅದರ ಸುದ್ದಿ ಹರಡಿತು. ‘ಒಳಗ್ ಬಿಟ್ಕಂಡ್ರೆ ಎಬ್ಬಿಸಾಕಾಗಲ್ಲ’ ಎಂಬ ಭಯ ಮನೆಮನೆಗೂ ಇಳಿಯಿತು. ಎಬ್ಬಿಸುವುದು ಕಷ್ಟವಾದ್ದರಿಂದ ಮಾಲೀಕರು ತಮ್ಮ ಜಾಗ್ರತೆಯನ್ನೆಲ್ಲ ಬಾಗಿಲಲ್ಲೇ ಖರ್ಚು ಮಾಡತೊಡಗಿದರು. ಬಾಡಿಗೆದಾರನನ್ನು ಕಾಪಾಡಲು ಬಂದ ಕಾನೂನಿನಿಂದಾಗಿ, ಇನ್ನೂ ಬಾಡಿಗೆದಾರನಾಗದೆ ಜಗುಲಿಯ ಮೇಲೆ ಕೂತವನಿಗೆ ಪ್ರಶ್ನೆಗಳು ಹೆಚ್ಚಾದವು.

ಈಗ ಆ ಭಯಕ್ಕೆ ಅಷ್ಟು ಆಧಾರವಿಲ್ಲ. ಹೊಸ ಬಾಡಿಗೆ ಕಾಯ್ದೆ, 1999ರದ್ದು, 2001ರ ಡಿಸೆಂಬರ್ 31ರಂದು ಜಾರಿಯಾಯಿತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಅದರ ಹೊರಗೆ ಉಳಿದವು. 2,000 ರೂಪಾಯಿಗೆ ಮನೆ ಇಂದು ಮಳವಳ್ಳಿಯಲ್ಲೂ ಸಿಗುವುದು ಕಷ್ಟ. ಹಾಗಾಗಿ ಬಹುಪಾಲು ಮನೆಗಳಿಗೆ ಅನ್ವಯವಾಗುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಇಬ್ಬರ ನಡುವಿನ ಕರಾರು. ಕರಾರಿನಲ್ಲಿ ಬೇರೆ ಬರೆದಿಲ್ಲವಾದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸು ಸಾಕು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾದ್ದರಿಂದ ಹೆಚ್ಚಿನ ಕರಾರುಗಳು 11 ತಿಂಗಳಿಗೇ ನಿಲ್ಲುತ್ತವೆ. ಭೋಗ್ಯದ ಪದ್ಧತಿಯೂ ಇದೆ. ಜಮೀನನ್ನು ಭೋಗ್ಯಕ್ಕೆ ಹಾಕಿ ಗೊತ್ತಿದ್ದ ರೈತ ಮನೆಯನ್ನೂ ಹಾಗೆಯೇ ಕೊಡತೊಡಗಿದ: ಒಟ್ಟಿಗೆ ಕೆಲವು ಲಕ್ಷ ಪಡೆದು, ಬಾಡಿಗೆ ಇಲ್ಲದೆ ಮನೆ ಬಿಟ್ಟುಕೊಟ್ಟು, ಅವಧಿ ಮುಗಿದಾಗ ಹಣ ಹಿಂತಿರುಗಿಸುವುದು. ಮಗಳ ಮದುವೆಯ ವರ್ಷ ಭೋಗ್ಯಕ್ಕೆ ಮನೆ ಬಿಡುವವರು ಹೆಚ್ಚು. ಆಗ ಜಗುಲಿಯ ಪ್ರಶ್ನೆಗಳು ಕಡಿಮೆಯಾಗುತ್ತವೆ, ಹಣದ ಗಡುವು ಮುಖ್ಯವಾಗುತ್ತದೆ.

ಈ ಚರಿತ್ರೆಯ ನೋಯಿಸುವ ಭಾಗ ‘ಯಾವ ಕಡೆಯೋರು’ ಎಂಬ ಪ್ರಶ್ನೆಯದು. ದಲಿತ ಮೇಷ್ಟ್ರು, ಮುಸ್ಲಿಂ ಬ್ಯಾಂಕ್ ನೌಕರ, ಒಬ್ಬಂಟಿ ನರ್ಸ್ ಕೇಳಿಸಿಕೊಳ್ಳುವುದೂ ಅದೇ ಮಾತುಗಳನ್ನೇ: ಮಗ ಬರುತ್ತಾನೆ, ಮಾತು ಕೊಟ್ಟಾಗಿದೆ, ಆಷಾಢ ಕಳೆಯಲಿ. ದನಿಯಲ್ಲಿ ಅದೇ ಮೃದುತ್ವ, ಕೈಯಲ್ಲಿ ಅದೇ ಕಾಫಿ ಲೋಟ. ಮರುವಾರ ಅದೇ ಗೇಟಿನಲ್ಲಿ ‘ಮನೆ ಬಾಡಿಗೆಗಿದೆ’ ಬೋರ್ಡು ಹಾಗೇ ತೂಗುತ್ತಿರುವುದನ್ನು ಅವರು ನೋಡುತ್ತಾರೆ. ನಯವಾದ ಮಾತಿನ ಕೆಡುಕು ಇರುವುದು ಇಲ್ಲೇ. ಒರಟಾಗಿ ಜಾತಿಯ ಹೆಸರೆತ್ತಿ ಕಳಿಸಿದ್ದರೆ ದೂರು ಕೊಡಲು ಒಂದು ಮಾತಾದರೂ ಸಿಗುತ್ತಿತ್ತು. ಮಗ ಬರುತ್ತಾನೆ ಎಂಬ ಮಾತಿನ ಮೇಲೆ ದೂರು ಕೊಡುವುದು ಹೇಗೆ? ಊರು ಹಿಂದೆ ಬಹಿರಂಗವಾಗಿ ಎಳೆದಿದ್ದ ಗೆರೆಯನ್ನು ಪೇಟೆಯ ಜಗುಲಿ ಮೆತ್ತಗೆ ಎಳೆಯಿತು, ಅಷ್ಟೇ.

ಇದು ಮಂಡ್ಯವೊಂದರ ಕಥೆಯಲ್ಲ. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದೇ ಬಗೆಯ ಓದು, ಕೆಲಸ ಇರುವವರಂತೆ ಮೇಲ್ಜಾತಿ, ದಲಿತ, ಮುಸ್ಲಿಂ ಹೆಸರುಗಳಲ್ಲಿ ಮಾಲೀಕರಿಗೆ ಫೋನ್ ಮಾಡಿಸಿ ಮನೆ ಕೇಳಿಸಿದರು. ದಲಿತ ಹೆಸರಿನವರಲ್ಲಿ ಸುಮಾರು ಶೇ 18, ಮುಸ್ಲಿಂ ಹೆಸರಿನವರಲ್ಲಿ ಸುಮಾರು ಶೇ 31 ಮಂದಿಗೆ ನೇರವಾಗಿ ಮನೆ ನಿರಾಕರಣೆಯಾಯಿತು. ಮೇಲ್ಜಾತಿಯ ಹೆಸರಿನವರಿಗೆ ಆ ಅನುಭವ ಆಗಲಿಲ್ಲ. ಒಬ್ಬೊಬ್ಬ ಮಾಲೀಕನ ನೆಪವನ್ನು ಸುಳ್ಳೆಂದು ಸಾಬೀತು ಮಾಡಲಾಗದು. ಸಾವಿರಾರು ನೆಪಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸತ್ಯ ಕಾಣುತ್ತದೆ.

ಕಾನೂನು ಇಲ್ಲಿ ಅರ್ಧ ದಾರಿಯಷ್ಟೇ ನಡೆದಿದೆ. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರನ್ನು ಯಾವುದೇ ಬಡಾವಣೆಯಲ್ಲಿ ವಾಸಿಸದಂತೆ ತಡೆಯುವುದು 1955ರಿಂದಲೇ ಅಪರಾಧ. ಆ ಕಾಯ್ದೆಯೇ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಪಡೆಯಿತು. ಎಚ್‌ಐವಿ ಸೋಂಕಿತರಿಗೆ 2017ರ ಕಾಯ್ದೆ, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಬಾಡಿಗೆ ಮನೆಯ ವಿಷಯದಲ್ಲೂ ತಾರತಮ್ಯ ಸಲ್ಲದು ಎನ್ನುತ್ತವೆ. ಧರ್ಮದ ಕಾರಣಕ್ಕೆ ಖಾಸಗಿ ಮನೆ ನಿರಾಕರಿಸುವುದನ್ನು ನೇರವಾಗಿ ತಡೆಯುವ ಸಮಗ್ರ ಕಾಯ್ದೆ ಭಾರತದಲ್ಲಿಲ್ಲ. ಅಮೆರಿಕ ಮತ್ತು ಬ್ರಿಟನ್ ಎರಡೂ 1968ರಲ್ಲೇ ಜನಾಂಗದ ಹೆಸರಿನಲ್ಲಿ ಮನೆ ನಿರಾಕರಿಸುವುದನ್ನು ನಿಷೇಧಿಸಿದವು.

ಮಂಡ್ಯದ ಜನಕ್ಕೆ ಈ ನೋವು ಎರಡೂ ಕಡೆಯಿಂದ ಗೊತ್ತು. ಮಂಡ್ಯ, ಮದ್ದೂರು, ಮಳವಳ್ಳಿಯ ಸಾವಿರಾರು ಮಕ್ಕಳು ಬೆಂಗಳೂರಿನಲ್ಲಿ ಬಾಡಿಗೆದಾರರು. ಕೆಂಗೇರಿಯ ಗೇಟಿನ ಮುಂದೆ ನಿಂತು ‘ಬ್ಯಾಚುಲರ್‌ಗೆ ಕೊಡಲ್ಲ’, ‘ನಾನ್‌ವೆಜ್ ಮಾಡೋ ಹಾಗಿಲ್ಲ’ ಎಂದು ಕೇಳಿಸಿಕೊಂಡವರು ಅವರು. ಬಾಡೂಟದ ಸೀಮೆಯ ಹುಡುಗನಿಗೆ ಎರಡನೆಯ ಮಾತು ಎಷ್ಟು ಚುಚ್ಚುತ್ತದೆ ಎಂಬುದು ಊರಿನಲ್ಲಿರುವ ಅವನ ಅಪ್ಪನಿಗೂ ಗೊತ್ತು. ಆ ಅಪ್ಪನೇ ಮಗ ಕಳಿಸಿದ ದುಡ್ಡಿನಲ್ಲಿ ಮಹಡಿ ಕಟ್ಟಿಸಿ, ಮೊದಲ ಸಲ ಬಾಡಿಗೆ ಬೋರ್ಡು ಹಾಕುತ್ತಾನೆ.

ಅಂಥ ಹೊಸ ಮಾಲೀಕರು ಈಗ ಹೆಚ್ಚುತ್ತಿದ್ದಾರೆ. 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಗೆಜ್ಜಲಗೆರೆ, ಸೋಮನಹಳ್ಳಿಯ ಕೈಗಾರಿಕಾ ಪ್ರದೇಶಗಳ ಕೆಲಸಗಾರರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಮಂಡ್ಯದ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು, ಹೋಟೆಲು ಮತ್ತು ಕಟ್ಟಡ ಕೆಲಸಕ್ಕೆ ಉತ್ತರದಿಂದ ಬಂದ ಹುಡುಗರು ಎಲ್ಲರಿಗೂ ಮನೆ ಬೇಕು. ಇವರಲ್ಲಿ ಕೆಲವರಿಗೆ ಮನೆ ಇಲ್ಲ ಎನ್ನಬೇಕಾಗಿ ಬರುವುದು ಸಹಜ. ಇರುವುದು ಎರಡು ಕೋಣೆ, ಕೇಳುವವರು ಹತ್ತು ಮಂದಿ.

ಹಾಗೆ ಹೇಳಲು ಆಷಾಢವೂ ಬೇಡ, ಬಾರದ ಮಗನೂ ಬೇಡ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಎಷ್ಟು ಜನಕ್ಕೆ ನೀರು ಸಾಲುತ್ತದೆ, ಎಷ್ಟು ಗಾಡಿ ನಿಲ್ಲಿಸಬಹುದು, ಕರೆಂಟಿಗೆ ಬೇರೆ ಮೀಟರ್ ಇದೆಯೋ ಇಲ್ಲವೋ ಎಂಬುದನ್ನು ಬೋರ್ಡಿನ ಕೆಳಗೇ ಬರೆದು ಹಾಕಿದರೆ ಅರ್ಧ ಜನ ಓದಿಯೇ ಮುಂದೆ ಹೋಗುತ್ತಾರೆ. ಉಳಿದವರನ್ನು ಜಗುಲಿಯ ಮೇಲೆ ಕೂರಿಸಿ ನೀರು ಕೊಟ್ಟು, ‘ಎಷ್ಟು ಜನ, ಎಷ್ಟು ದಿನ, ಮುಂಚೆ ಎಲ್ಲಿದ್ರಿ’ ಎಂದು ಕೇಳುವ ಹಕ್ಕು ಮಾಲೀಕರಿಗೆ ಇದ್ದೇ ಇದೆ. ‘ಆರು ಜನಕ್ಕೆ ನಮ್ಮಲ್ಲಿ ನೀರು ಸಾಲಲ್ಲ ಕಣಣ್ಣ, ಪಕ್ಕದ ಬೀದೀಲಿ ದೊಡ್ಡ ಮನೆ ಖಾಲಿ ಐತೆ, ಅಲ್ಲಿ ಕೇಳಿ’ ಎನ್ನುವುದು ಮಂಡ್ಯದ ಬಾಯಿಗೆ ಕಷ್ಟದ ಮಾತೇನಲ್ಲ. ಕೈಬಿಡಬೇಕಾಗಿರುವುದು ದನಿ ತಗ್ಗಿಸಿ ಕೇಳುವ ಆ ಕೊನೆಯ ಪ್ರಶ್ನೆಯನ್ನು ಮಾತ್ರ.